ಪಾಚಿಯೊಳಗಿನ ಸೀಮೆಎಣ್ಣೆ: 170 ವರ್ಷದ ಒಂದು ಭರವಸೆಯ ಕಥೆ

ಕಲ್ಲಿದ್ದಲು ಎಂದರೇನು? 1853ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ನ್ಯಾಯಾಲಯವೊಂದು ಜ್ಯೂರಿ ಕೂರಿಸಿ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು. ಟೋರ್ಬೇನ್ ಹಿಲ್ ಎಂಬಲ್ಲಿ ಗಿಲೆಸ್ಪಿ ಕುಟುಂಬಕ್ಕೆ ಜಮೀನಿತ್ತು. ಅದರಡಿಯ ಕಲ್ಲಿದ್ದಲು ಮತ್ತು ಇನ್ನು ಕೆಲವು ಖನಿಜ ತೆಗೆಯಲು ರಸೆಲ್ ಎಂಬ ಗಣಿ ಕಂಪನಿಗೆ 1850ರಲ್ಲಿ ಗುತ್ತಿಗೆ ಕೊಟ್ಟಿದ್ದರು. ಅಗೆದಾಗ ಸಿಕ್ಕಿದ್ದು ಮಾಮೂಲಿ ಕಲ್ಲಿದ್ದಲಲ್ಲ. ಕಂದು ಬಣ್ಣ, ಗಟ್ಟಿ ಮೈ, ಚೂರು ಒಡೆದು ಬೆಂಕಿ ತಾಗಿಸಿದರೆ ಮೇಣದಬತ್ತಿಯ ಹಾಗೆ ಉರಿಯುವ ಕಲ್ಲು. ಬೀದಿಯ ಅನಿಲ ದೀಪಗಳಿಗೆ ಗ್ಯಾಸ್ ತಯಾರಿಸಲು ಅದಕ್ಕಿಂತ ಒಳ್ಳೆಯ ಸರಕು ಇರಲಿಲ್ಲ. ಅದರ ಬೆಲೆ ಏರಿದ್ದೇ ತಡ, ಜಮೀನಿನವರು ಕೋರ್ಟಿಗೆ ಹೋದರು. ನಾವು ಗುತ್ತಿಗೆ ಕೊಟ್ಟಿದ್ದು ಕಲ್ಲಿದ್ದಲನ್ನು, ಇದು ಕಲ್ಲಿದ್ದಲೇ ಅಲ್ಲ, ಹಾಗಾಗಿ ಇದು ನಮ್ಮದು ಎಂಬುದು ಅವರ ವಾದ.

ಭೂವಿಜ್ಞಾನಿಗಳು, ರಸಾಯನಶಾಸ್ತ್ರಜ್ಞರು, ಸೂಕ್ಷ್ಮದರ್ಶಕ ಬಲ್ಲವರು ಎರಡೂ ಕಡೆಗೆ ಸಾಕ್ಷಿ ಹೇಳಿದರು. ಕಲ್ಲನ್ನು ತೆಳ್ಳಗೆ ಉಜ್ಜಿ ಗಾಜಿನ ಮೇಲಿಟ್ಟು ನೋಡಿದಾಗ ಹಳದಿ ಬಣ್ಣದ ಸಣ್ಣ ಸಣ್ಣ ಉಂಡೆಗಳು ಕಾಣುತ್ತಿದ್ದವು. ಇದು ಗಿಡಮರದಿಂದ ಬಂದದ್ದು ಎಂದು ಒಬ್ಬರು, ಇದರಲ್ಲಿ ಗಿಡದ ಗುರುತೇ ಇಲ್ಲ ಎಂದು ಇನ್ನೊಬ್ಬರು. ಕೊನೆಗೆ ಜ್ಯೂರಿ ಗಣಿ ಕಂಪನಿಯ ಪರ ನಿಂತಿತು. ವ್ಯಾಪಾರದ ಮಾತಿನಲ್ಲಿ ಇದು ಕಲ್ಲಿದ್ದಲೇ ಎಂದಾಯಿತು. ಆ ಹಳದಿ ಉಂಡೆಗಳು ಏನು ಎಂಬುದು ಮಾತ್ರ ಗೆದ್ದವರಿಗೂ ಗೊತ್ತಿರಲಿಲ್ಲ, ಸೋತವರಿಗೂ ಗೊತ್ತಿರಲಿಲ್ಲ.

ಅವು ಪಾಚಿ. 30 ಕೋಟಿ ವರ್ಷಕ್ಕೂ ಹಿಂದೆ ಯಾವುದೋ ಕೆರೆಯಲ್ಲಿ ತೇಲಿ, ಸತ್ತು, ತಳಕ್ಕಿಳಿದು, ಮಣ್ಣಿನಡಿ ಸೇರಿ ಕಲ್ಲಾದ ಹಸಿರು ಪಾಚಿ. ಅದೇ ಜಾತಿಯ ಪಾಚಿ ಇಂದಿಗೂ ಜಗತ್ತಿನ ಅನೇಕ ಕೆರೆ, ಸರೋವರಗಳಲ್ಲಿ ಬದುಕಿದೆ. ಇಂದಿಗೂ ಎಣ್ಣೆ ಮಾಡುತ್ತಿದೆ.

'ಪಾಚಿಯಿಂದ ಪೆಟ್ರೋಲ್' ಎಂಬ ಶೀರ್ಷಿಕೆ ನಾಲ್ಕೈದು ವರ್ಷಕ್ಕೊಮ್ಮೆ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಪ್ರತಿಸಲವೂ ಹೊಸ ಸುದ್ದಿ ಎಂಬಂತೆ ಬರುತ್ತದೆ. ಆದರೆ ಇದು 170 ವರ್ಷದ ಹಳೆಯ ಸುದ್ದಿ. ಜಿಲ್ಲೆಗಳಲ್ಲಿ ಕೂತು ಸುದ್ದಿ ಕಳಿಸುವ ನಮ್ಮಂಥವರಿಗೆ ಈ ಚರಿತ್ರೆ ಗೊತ್ತಿರುವುದು ಒಳ್ಳೆಯದು. ಏಕೆಂದರೆ ಇಂಥ ಸುದ್ದಿಯ ಭರವಸೆಯ ಭಾಗ ಮೊದಲ ಪ್ಯಾರಾದಲ್ಲಿ ಅಚ್ಚಾಗುತ್ತದೆ, ಲೆಕ್ಕದ ಭಾಗ ಅಚ್ಚಾಗುವುದೇ ಇಲ್ಲ.

ದ್ರಾಕ್ಷಿ ಗೊಂಚಲು

ಈ ಪಾಚಿಯ ಹೆಸರು ಬೋಟ್ರಿಯೋಕಾಕಸ್ ಬ್ರೌನಿ. 1849ರಲ್ಲಿ ಜರ್ಮನಿಯ ಫ್ರೀಡ್ರಿಕ್ ಕುಟ್ಸಿಂಗ್ ಇಟ್ಟ ಹೆಸರು. ಗ್ರೀಕ್ ಭಾಷೆಯಲ್ಲಿ 'ಬೋಟ್ರಿಸ್' ಎಂದರೆ ದ್ರಾಕ್ಷಿ ಗೊಂಚಲು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದೂ ಹಾಗೆಯೇ. ಒಂದೊಂದು ಜೀವಕೋಶ ಒಂದೊಂದು ಹಣ್ಣು, ಎಲ್ಲವೂ ಒಂದಕ್ಕೊಂದು ಅಂಟಿಕೊಂಡ ಗೊಂಚಲು. ಅಂಟಿಸಿ ಹಿಡಿದಿರುವ ಅಂಟಿನಲ್ಲೇ ಎಣ್ಣೆ ತುಂಬಿರುತ್ತದೆ. ಗಾಜಿನ ತುಂಡಿನಡಿ ಗೊಂಚಲನ್ನು ಮೆಲ್ಲಗೆ ಒತ್ತಿದರೆ ಎಣ್ಣೆಯ ಹನಿಗಳು ಹೊರಗೆ ಜಿನುಗುವುದು ಕಾಣುತ್ತದೆ. ಹೆಚ್ಚಿನ ಪಾಚಿಗಳು ಕೊಬ್ಬನ್ನು ಕೋಶದೊಳಗೆ ಕೂಡಿಡುತ್ತವೆ. ಇದು ಮಾತ್ರ ಬಹುಪಾಲು ಎಣ್ಣೆಯನ್ನು ಕೋಶದ ಹೊರಗೆ ಇಡುತ್ತದೆ.

ಎಣ್ಣೆ ಎಂದಾಗ ಕಡಲೆಕಾಯಿ ಎಣ್ಣೆ, ಹೊಂಗೆ ಎಣ್ಣೆ ನೆನಪಿಗೆ ಬರಬಹುದು. ಇದು ಆ ಜಾತಿಯದಲ್ಲ. ಕಡಲೆಕಾಯಿ, ಹೊಂಗೆ ಎಣ್ಣೆಗಳಲ್ಲಿ ಇಂಗಾಲ, ಜಲಜನಕದ ಜೊತೆ ಆಮ್ಲಜನಕವೂ ಸೇರಿರುತ್ತದೆ. ಹೊಂಗೆ ಎಣ್ಣೆಯನ್ನು ಡೀಸೆಲ್ ಎಂಜಿನ್ನಿಗೆ ಹೊಂದಿಸಲು ಮೆಥನಾಲ್ ಬೆರೆಸಿ ಬಯೋಡೀಸೆಲ್ ಮಾಡಬೇಕಾಗುತ್ತದೆ. ಬೋಟ್ರಿಯೋಕಾಕಸ್ ಮಾಡುವುದು ಹೈಡ್ರೋಕಾರ್ಬನ್. ಅದರಲ್ಲಿ ಇರುವುದು ಇಂಗಾಲ ಮತ್ತು ಜಲಜನಕ ಎರಡೇ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯ ಮೈಯೂ ಇದೇ. ನಮ್ಮ ರಿಫೈನರಿಗಳು ಅರಗಿಸಿಕೊಳ್ಳುವ ಎಣ್ಣೆ ಇದು.

ಈ ಪಾಚಿಯಲ್ಲಿ ಮುಖ್ಯವಾಗಿ ಮೂರು ಬಗೆ ಇವೆ. ವಿಜ್ಞಾನಿಗಳು ಅವನ್ನು ಎ, ಬಿ, ಎಲ್ ಎಂದು ಕರೆಯುತ್ತಾರೆ. ಎ ಬಗೆ ನೇರ ಸರಪಳಿಯಂಥ ಹೈಡ್ರೋಕಾರ್ಬನ್ ಮಾಡುತ್ತದೆ. ಎಲ್ ಬಗೆ 40 ಇಂಗಾಲದ ಒಂದು ದೊಡ್ಡ ಅಣುವನ್ನು ಕಟ್ಟುತ್ತದೆ. ಇಂಧನದ ಆಸೆ ಇರುವವರೆಲ್ಲ ಹೆಚ್ಚಾಗಿ ಹಿಂದೆ ಬಿದ್ದಿರುವುದು ಬಿ ಬಗೆಯ ಮೇಲೆ. ಇದರ ಎಣ್ಣೆಗೆ ಪಾಚಿಯ ಹೆಸರಿನಿಂದಲೇ ಬೋಟ್ರಿಯೋಕಾಕೀನ್ ಎಂದು ಹೆಸರು. ಒಣಗಿಸಿದ ಪಾಚಿಯ ತೂಕದಲ್ಲಿ ಮೂರನೇ ಒಂದು ಪಾಲು ಎಣ್ಣೆ ಇರುವುದು ಇದರಲ್ಲಿ ಸಾಮಾನ್ಯ. ಅದಕ್ಕಿಂತ ಬಹಳ ಹೆಚ್ಚು ಸಿಕ್ಕಿದ ದಾಖಲೆಗಳೂ ಇವೆ.

ಪ್ಯಾರಾಫಿನ್ ಯಂಗ್

ಮತ್ತೆ ಟೋರ್ಬೇನ್ ಹಿಲ್‌ಗೆ ಬರೋಣ. ಗ್ಲಾಸ್ಗೋದ ಜೇಮ್ಸ್ ಯಂಗ್ ಎಂಬ ರಸಾಯನಶಾಸ್ತ್ರಜ್ಞ ಮೊದಲು ಇಂಗ್ಲೆಂಡಿನ ಡರ್ಬಿಶೈರ್‌ನ ಒಂದು ಕಲ್ಲಿದ್ದಲು ಗಣಿಯಲ್ಲಿ ಜಿನುಗುತ್ತಿದ್ದ ಎಣ್ಣೆಯನ್ನು ಸಂಸ್ಕರಿಸಿ ಮಾರುತ್ತಿದ್ದ. ಕೆಲವೇ ವರ್ಷದಲ್ಲಿ ಆ ಒರತೆ ಬತ್ತುತ್ತ ಬಂತು. ಹಾಗಾದರೆ ಎಣ್ಣೆಯನ್ನು ಕಲ್ಲಿನಿಂದಲೇ ಏಕೆ ತೆಗೆಯಬಾರದು ಎಂದು ಪ್ರಯೋಗಕ್ಕಿಳಿದ. ಕಲ್ಲಿದ್ದಲನ್ನು ಮುಚ್ಚಿದ ಪಾತ್ರೆಯಲ್ಲಿ ನಿಧಾನವಾಗಿ, ಕಡಿಮೆ ಶಾಖದಲ್ಲಿ ಕಾಯಿಸಿದರೆ ಆವಿಯಾಗಿ ಬರುವುದನ್ನು ತಣಿಸಿ ಎಣ್ಣೆ ಹಿಡಿಯಬಹುದು ಎಂದು ಕಂಡುಕೊಂಡು 1850ರ ಅಕ್ಟೋಬರ್ 17ರಂದು ಪೇಟೆಂಟ್ ಪಡೆದ. ಅವನು ಪರೀಕ್ಷಿಸಿದ ಕಲ್ಲುಗಳಲ್ಲಿ ಟೋರ್ಬೇನ್ ಹಿಲ್‌ನ ಕಲ್ಲಿನಷ್ಟು ಎಣ್ಣೆ ಕೊಡುವುದು ಬೇರೊಂದಿರಲಿಲ್ಲ.

1851ರಲ್ಲಿ ಹತ್ತಿರದ ಬಾತ್‌ಗೇಟ್ ಊರಿನಲ್ಲಿ ಇಬ್ಬರು ಪಾಲುದಾರರೊಡನೆ ಕಾರ್ಖಾನೆ ತೆರೆದ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಡ್ರೇಕ್ ಎಣ್ಣೆ ಬಾವಿ ಕೊರೆದದ್ದು 1859ರಲ್ಲಿ. ಅಂದರೆ ಅದಕ್ಕೂ ಎಂಟು ವರ್ಷ ಮೊದಲೇ ಕಲ್ಲಿನಿಂದ ಎಣ್ಣೆ ತೆಗೆಯುವ ಕಾರ್ಖಾನೆ ನಡೆಯುತ್ತಿತ್ತು. ಮೊದಲು ಯಂತ್ರಗಳಿಗೆ ಹಾಕುವ ಎಣ್ಣೆ, ಆಮೇಲೆ ದೀಪದ ಎಣ್ಣೆ, ಮೇಣದಬತ್ತಿಯ ಮೇಣ. ಯಂಗ್‌ಗೆ 'ಪ್ಯಾರಾಫಿನ್ ಯಂಗ್' ಎಂದೇ ಅಡ್ಡಹೆಸರು ಬಿತ್ತು. ಆಫ್ರಿಕ ಸುತ್ತಿದ ಡೇವಿಡ್ ಲಿವಿಂಗ್‌ಸ್ಟನ್ ಅವನ ಗೆಳೆಯ. ಆ ಪ್ರಯಾಣಗಳಿಗೂ ಈ ಎಣ್ಣೆಯ ದುಡ್ಡು ಹೋಯಿತು.

ನಮ್ಮ ಅಜ್ಜಿಯರು ಬುಡ್ಡಿ ದೀಪಕ್ಕೆ ಹಾಕುತ್ತಿದ್ದ ಸೀಮೆಎಣ್ಣೆ, ಹೆಸರೇ ಹೇಳುವಂತೆ, ಪರಸೀಮೆಯಿಂದ ಬಂದ ಎಣ್ಣೆ. ಆ ಬಗೆಯ ದೀಪದೆಣ್ಣೆ ಕಾರ್ಖಾನೆಯ ಸರಕಾದ ಮೊದಲ ದಿನಗಳಲ್ಲಿ ಅದರ ಒಂದು ಮೂಲ ಹೀಗೆ ಕಲ್ಲಾದ ಪಾಚಿ ಎಂಬುದು ನೆನಪಿಡಬೇಕಾದ ಸಂಗತಿ. ಪಾಚಿಯಿಂದ ಇಂಧನ ಎಂಬುದು ನಾಳೆಯ ಕನಸಲ್ಲ. ಅದು ಆಗಲೇ ಒಮ್ಮೆ ನಡೆದುಹೋದ ಉದ್ಯಮ.

ಆದರೆ ಆ ಉದ್ಯಮದ ಗತಿ ಏನಾಯಿತು? 1860ರ ದಶಕದಲ್ಲೇ ಟೋರ್ಬೇನ್ ಹಿಲ್‌ನ ಕಲ್ಲು ಮುಗಿಯುತ್ತ ಬಂತು. ಕೆರೆಯ ತಳದಲ್ಲಿ ಲಕ್ಷಾಂತರ ತಲೆಮಾರಿನ ಪಾಚಿ ಪದರ ಪದರವಾಗಿ ಕೂತು ಆದದ್ದನ್ನು ಮನುಷ್ಯರು ಹದಿನೈದು ವರ್ಷವೂ ತುಂಬದೆ ಅಗೆದು ಮುಗಿಸಿದರು. ಸ್ಕಾಟ್ಲೆಂಡಿನವರು ಆಮೇಲೆ ಅದಕ್ಕಿಂತ ಕಡಿಮೆ ಎಣ್ಣೆ ಕೊಡುವ ಜೇಡುಕಲ್ಲಿನ ಮೊರೆ ಹೋದರು. ಆ ಉದ್ಯಮ 1962ರವರೆಗೂ ಕುಂಟುತ್ತ ಸಾಗಿತು. ಎಣ್ಣೆ ತೆಗೆದು ಬಿಸಾಡಿದ ಕಲ್ಲಿನ ಕೆಂಪು ಗುಡ್ಡಗಳು ವೆಸ್ಟ್ ಲೋಥಿಯನ್ ಸೀಮೆಯಲ್ಲಿ ಈಗಲೂ ನಿಂತಿವೆ.

ಇಲ್ಲದ ಬಾವಿಗೆ ಕೊರೆದರು

ಇದೇ ಹೊತ್ತಿಗೆ ಆಸ್ಟ್ರೇಲಿಯದಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ದಕ್ಷಿಣ ಆಸ್ಟ್ರೇಲಿಯದ ಕೂರಾಂಗ್ ಎಂಬ ಹಿನ್ನೀರಿನ ಸೀಮೆಯಲ್ಲಿ 1852ರ ಸುಮಾರಿಗೆ ಜನ ಒಂದು ವಿಚಿತ್ರ ವಸ್ತು ಕಂಡರು. ನೀರು ಇಂಗಿದ ತಗ್ಗುಗಳ ಅಂಚಿನಲ್ಲಿ ರಬ್ಬರಿನಂಥ ಕಪ್ಪು ಹಾಳೆ. ಹಿಚುಕಿದರೆ ಮೆತ್ತಗೆ, ಬೆಂಕಿ ಹಚ್ಚಿದರೆ ಧಗಧಗ. ಕೆಳಗಿನಿಂದ ಎಣ್ಣೆ ಉಕ್ಕಿ ಬಂದು ಇಲ್ಲಿ ಹೆಪ್ಪುಗಟ್ಟಿದೆ ಎಂದುಕೊಂಡರು. ಅಂದರೆ ಕೆಳಗೆ ಎಣ್ಣೆಯ ಗಣಿ ಇರಲೇಬೇಕು! 1866ರಲ್ಲಿ ಸಾಲ್ಟ್ ಕ್ರೀಕ್ ಹತ್ತಿರದ ಆಲ್ಫ್ರೆಡ್ ಫ್ಲಾಟ್ ಎಂಬಲ್ಲಿ ಕೊರೆದರು. ಎಣ್ಣೆ ಹುಡುಕಲು ಆಸ್ಟ್ರೇಲಿಯದಲ್ಲಿ ಕೊರೆದ ಮೊದಲ ಬಾವಿ ಎಂದು ಅದನ್ನು ಲೆಕ್ಕ ಹಾಕುತ್ತಾರೆ. ಎಣ್ಣೆ ಸಿಗಲಿಲ್ಲ. ಆದರೂ ಆಸೆ ಹೋಗಲಿಲ್ಲ, ಮುಂದೆಯೂ ಆ ಸೀಮೆಯಲ್ಲಿ ಎಣ್ಣೆಗಾಗಿ ಕೊರೆಯುತ್ತಲೇ ಇದ್ದರು.

ಎಣ್ಣೆ ಕೆಳಗಿನಿಂದ ಬಂದಿರಲಿಲ್ಲ. ಮಳೆಗಾಲದಲ್ಲಿ ತುಂಬುವ ತಗ್ಗುಗಳಲ್ಲಿ ಪಾಚಿ ಹುಲುಸಾಗಿ ಬೆಳೆದು, ಗಾಳಿ ಅದನ್ನು ದಡಕ್ಕೆ ತಳ್ಳಿ, ಬಿಸಿಲಿಗೆ ಒಣಗಿ ಹಾಳೆಯಾಗಿತ್ತು ಅಷ್ಟೇ. ಕಣ್ಣೆದುರಿನ ನೀರಿನಲ್ಲಿ ಎಣ್ಣೆ ತಯಾರಾಗುತ್ತಿತ್ತು, ಜನ ನೆಲದೊಳಗೆ ಹುಡುಕುತ್ತಿದ್ದರು. ಆ ವಸ್ತುವಿಗೆ ಈಗ ಕೂರಾಂಗೈಟ್ ಎಂದು ಹೆಸರು.

ಅದೇ ದೇಶದ ನ್ಯೂ ಸೌತ್ ವೇಲ್ಸ್‌ನಲ್ಲಿ ಕಲ್ಲಾದ ಪಾಚಿಯೂ ಇತ್ತು. ಅಲ್ಲಿನವರು ಅದನ್ನು ಸೀಮೆಎಣ್ಣೆ ಕಲ್ಲು ಎಂದೇ ಕರೆದರು. 1860ರ ದಶಕದಿಂದ ಹಾರ್ಟ್ಲಿ ವೇಲ್, ಆಮೇಲೆ ಜೋಡ್ಜಾ, ನ್ಯೂನ್ಸ್ ಹೀಗೆ ಒಂದಾದ ಮೇಲೊಂದು ಗಣಿ ಊರು ಹುಟ್ಟಿದವು. ಜೋಡ್ಜಾಕ್ಕೆ ಸ್ಕಾಟ್ಲೆಂಡಿನ ಗಣಿ ಕಾರ್ಮಿಕರೇ ಹೋಗಿ ನೆಲೆಸಿದರು. ಕೊನೆಯದು ಗ್ಲೆನ್ ಡೇವಿಸ್. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹೊರಗಿನ ಪೆಟ್ರೋಲಿಗೆ ಕಷ್ಟವಾದಾಗ, 1940ರಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು. ಕಲ್ಲು ಬೇಯಿಸಿ ತೆಗೆದ ಪೆಟ್ರೋಲು ವಾಹನಗಳಿಗೆ ಹೋಯಿತು. ಯುದ್ಧ ಮುಗಿಯಿತು, ಹೊರಗಿನ ಎಣ್ಣೆ ಮತ್ತೆ ಅಗ್ಗವಾಗಿ ಬಂತು, 1952ರಲ್ಲಿ ಕಾರ್ಖಾನೆ ಮುಚ್ಚಿತು. ಅದನ್ನೇ ನಂಬಿ ಹುಟ್ಟಿದ ಊರು ಖಾಲಿಯಾಯಿತು.

ಈ ಸಂಗತಿಯನ್ನು ಗುರುತು ಹಾಕಿಕೊಳ್ಳಿ. ಎಣ್ಣೆಗೆ ಬರ ಬಂದಾಗ ಪಾಚಿಯ ನೆನಪು, ಎಣ್ಣೆ ಅಗ್ಗವಾದಾಗ ಪಾಚಿಯ ಮರೆವು. ಮುಂದಿನ ಕಥೆಯಲ್ಲೂ ಇದೇ ಮತ್ತೆ ಮತ್ತೆ ಬರುತ್ತದೆ.

ಉಂಡೆಗಳ ಗುಟ್ಟು ಬಯಲಾದದ್ದು

ಎಡಿನ್‌ಬರೋದ ಕೋರ್ಟು ಬಿಡಿಸಲಾಗದ ಗಂಟನ್ನು ಬಿಡಿಸಲು ವಿಜ್ಞಾನಕ್ಕೆ 80 ವರ್ಷ ಹಿಡಿಯಿತು. 1890ರ ದಶಕದಲ್ಲಿ ಫ್ರಾನ್ಸಿನ ಬರ್ತ್ರಾಂ ಮತ್ತು ರೆನೋ ಎಂಬಿಬ್ಬರು ಇಂಥ ಕಲ್ಲುಗಳ ಹಳದಿ ಉಂಡೆಗಳು ಪಾಚಿಯ ಗುಂಪುಗಳು ಎಂದರು. ಎಲ್ಲರೂ ಒಪ್ಪಲಿಲ್ಲ. 1925ರಲ್ಲಿ ಅಮೆರಿಕದ ರೀನ್‌ಹಾರ್ಟ್ ಥೀಸನ್ ಆಸ್ಟ್ರೇಲಿಯದ ಕೂರಾಂಗೈಟನ್ನು ಪರೀಕ್ಷಿಸಿ, ಅದರಲ್ಲಿನ ಪಾಚಿಗೂ ಕಲ್ಲಿನ ಉಂಡೆಗಳಿಗೂ ಇರುವ ಹೋಲಿಕೆ ತೋರಿಸಿದರು. 1936ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಸ್ಯವಿಜ್ಞಾನಿ ಕ್ಯಾಥ್ಲೀನ್ ಬ್ಲ್ಯಾಕ್‌ಬರ್ನ್ ಮತ್ತು ಟೆಂಪರ್ಲಿ ಅವರು ಬದುಕಿರುವ ಬೋಟ್ರಿಯೋಕಾಕಸನ್ನೂ ಕಲ್ಲಿನಲ್ಲಿರುವುದನ್ನೂ ಪಕ್ಕಪಕ್ಕ ಇಟ್ಟು ವಿವರಿಸಿದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಕಲ್ಲಿನಲ್ಲಿದ್ದದ್ದು ಅದೇ ಗೊಂಚಲು.

ಎಣ್ಣೆಯ ಒಳಮೈ ತಿಳಿಯತೊಡಗಿದ್ದು 1960ರ ದಶಕದಲ್ಲಿ. ಇಂಗ್ಲೆಂಡಿನ ಚೆಶೈರ್‌ನ ಓಕ್‌ಮಿಯರ್ ಎಂಬ ಕೊಳದಲ್ಲಿ ಬೆಳೆದ ಪಾಚಿಯಿಂದ ತೆಗೆದ ಎಣ್ಣೆಯ ವಿವರಗಳನ್ನು ಬ್ರಿಟನ್ನಿನ ರಸಾಯನಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದರು. ಬೋಟ್ರಿಯೋಕಾಕೀನ್ ಎಂಬ ಹೆಸರು ಬಂದದ್ದು ಆಗ.

1980ರಲ್ಲಿ ಮತ್ತೊಂದು ತಿರುವು. ಇಂಡೋನೇಷ್ಯದ ಸುಮಾತ್ರಾ ದ್ವೀಪದ ಕಚ್ಚಾತೈಲದಲ್ಲಿ ಬೋಟ್ರಿಯೋಕಾಕೇನ್ ಎಂಬ ಅಣು ಸಿಕ್ಕಿತು. ಅದು ಪಾಚಿಯ ಎಣ್ಣೆಯೇ ನೆಲದಡಿಯಲ್ಲಿ ಸ್ವಲ್ಪ ರೂಪ ಬದಲಿಸಿ ಉಳಿದದ್ದು. ಅಂದರೆ ಜಗತ್ತು ಆಗಲೇ ಬಾವಿಯಿಂದ ಎತ್ತಿ ಸುಡುತ್ತಿದ್ದ ಎಣ್ಣೆಯಲ್ಲಿ ಈ ಪಾಚಿಯ ಸಹಿ ಇತ್ತು.

ಅದೇ ಸುಮಾರಿಗೆ ಆಸ್ಟ್ರೇಲಿಯದ ಡಾರ್ವಿನ್ ನಗರಕ್ಕೆ ಕುಡಿಯುವ ನೀರು ಕೊಡುವ ಜಲಾಶಯದಲ್ಲಿ ಬೋಟ್ರಿಯೋಕಾಕಸ್ ಕೆನೆಗಟ್ಟಿ ಬೆಳೆಯಿತು. ವೇಕ್ ಮತ್ತು ಹಿಲೆನ್ ಎಂಬ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿದರು. ಈ ಪಾಚಿಯ ಎಣ್ಣೆಯನ್ನು ರಿಫೈನರಿಯಲ್ಲಿ ಮಾಡುವ ಹಾಗೆ ಜಲಜನಕದ ಒತ್ತಡದಲ್ಲಿ ಒಡೆದರೆ ಏನು ಸಿಗುತ್ತದೆ ಎಂದು ಹಿಲೆನ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ಸಿಕ್ಕಿದ್ದು 67 ಪಾಲು ಪೆಟ್ರೋಲ್, 15 ಪಾಲು ವಿಮಾನದ ಇಂಧನ, 15 ಪಾಲು ಡೀಸೆಲ್, 3 ಪಾಲು ಗಸಿ. ನೂರಕ್ಕೆ 97 ಪಾಲು ಉಪಯೋಗಕ್ಕೆ ಬರುವ ಇಂಧನ!

ಪಾಚಿ ಇದನ್ನು ಹೇಗೆ ಕಟ್ಟುತ್ತದೆ ಎಂಬುದು ಇತ್ತೀಚೆಗೆ ಸ್ಪಷ್ಟವಾಯಿತು. ಬಿಸಿಲು, ನೀರು, ಗಾಳಿಯ ಇಂಗಾಲದ ಡೈಆಕ್ಸೈಡ್ ಬಳಸಿ ಸಕ್ಕರೆ ಮಾಡುವುದು ಎಲ್ಲ ಹಸಿರು ಗಿಡಗಳ ಕೆಲಸ. ಈ ಪಾಚಿ ಆ ಸಕ್ಕರೆಯಿಂದ ಐದೈದು ಇಂಗಾಲದ ಇಟ್ಟಿಗೆಗಳನ್ನು ಮಾಡುತ್ತದೆ. ಮೂರು ಇಟ್ಟಿಗೆ ಸೇರಿ 15 ಇಂಗಾಲದ ತುಂಡು. ಅಂಥ ಎರಡು ತುಂಡು ಜೋಡಿಸಿದರೆ 30 ಇಂಗಾಲದ ಎಣ್ಣೆ. ಆಮೇಲೆ ಅದಕ್ಕೆ ಇನ್ನಷ್ಟು ಇಂಗಾಲ ಸೇರಿಸಿ 34ರವರೆಗೂ, ಕೆಲವು ಸಲ ಅದಕ್ಕೂ ಮುಂದೆ ಬೆಳೆಸುತ್ತದೆ. ಶಾರ್ಕ್ ಮೀನಿನ ಯಕೃತ್ತಿನಲ್ಲಿ ಸಿಗುವ ಸ್ಕ್ವಾಲೀನ್ ಎಂಬ ಎಣ್ಣೆಯೂ ಹೆಚ್ಚುಕಡಿಮೆ ಹೀಗೆಯೇ ಆಗುತ್ತದೆ. ಜೋಡಿಸುವ ಬಗೆ ಮಾತ್ರ ಬೇರೆ. ಆ ಜೋಡಣೆ ಮಾಡುವ ಕಿಣ್ವಗಳನ್ನು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಜೋ ಚಾಪೆಲ್ ಮತ್ತು ಸಂಗಡಿಗರು 2011ರಲ್ಲಿ ಗುರುತಿಸಿದರು. ಆ ಜೀನುಗಳನ್ನು ಯೀಸ್ಟ್‌ಗೆ ಸೇರಿಸಿದಾಗ ಯೀಸ್ಟ್ ಕೂಡ ಬೋಟ್ರಿಯೋಕಾಕೀನ್ ಮಾಡಿತು.

ಆಮೆಯ ನಡಿಗೆ

ಎಣ್ಣೆ ಇದೆ, ಒಳ್ಳೆಯ ಎಣ್ಣೆ, ಬೇಕಾದಷ್ಟು ಪಾಲಿದೆ. ಹಾಗಾದರೆ ಬಂಕಿನಲ್ಲಿ ಏಕಿಲ್ಲ?

ಒಂದೇ ಮಾತಿನ ಉತ್ತರ: ಈ ಪಾಚಿ ತುಂಬಾ ನಿಧಾನ. ಕ್ಲೋರೆಲ್ಲಾದಂಥ ಪಾಚಿ ಅನುಕೂಲ ಸಿಕ್ಕರೆ ಕೆಲವೇ ಗಂಟೆಗಳಲ್ಲಿ ಇಮ್ಮಡಿಯಾಗುತ್ತದೆ. ಬೋಟ್ರಿಯೋಕಾಕಸ್‌ಗೆ ಚೆನ್ನಾಗಿ ನೋಡಿಕೊಂಡರೂ ಎರಡು ಮೂರು ದಿನ, ಹಲವು ಸಲ ಒಂದು ವಾರವೇ ಬೇಕು. ಕಾರಣವೂ ಆ ಎಣ್ಣೆಯೇ. ಎಣ್ಣೆ ಕಟ್ಟುವುದೆಂದರೆ ಬಹಳ ಶಕ್ತಿ ಹಾಕಬೇಕು. ಗಳಿಸಿದ್ದನ್ನೆಲ್ಲ ಒಡವೆ ಮಾಡಿಸಿಟ್ಟರೆ ಸಂಸಾರ ಬೆಳೆಸುವುದು ಹೇಗೆ?

ನಿಧಾನವಾದರೆ ಇನ್ನೊಂದು ತೊಂದರೆ ಜೊತೆಗೇ ಬರುತ್ತದೆ. ರಾಗಿ ಹೊಲದಲ್ಲಿ ಕಳೆ ಕೀಳದೆ ಬಿಟ್ಟರೆ ಏನಾಗುತ್ತದೋ ತೆರೆದ ಕೊಳದಲ್ಲೂ ಅದೇ ಆಗುತ್ತದೆ. ಬೇಗ ಬೆಳೆಯುವ ಬೇರೆ ಪಾಚಿ ಬಂದು ಸೇರುತ್ತದೆ, ಪಾಚಿ ತಿನ್ನುವ ಹುಳುಗಳು ಬರುತ್ತವೆ. ಮುಚ್ಚಿದ ಗಾಜಿನ ಕೊಳವೆಯಲ್ಲಿ ಬೆಳೆದರೆ ಕಳೆ ಬಾರದು, ಆದರೆ ಖರ್ಚು ಕೈಗೆ ನಿಲುಕದು. ಮೇಲಾಗಿ ಪಾಚಿ ಇರುವುದು ನೀರಿನಲ್ಲಿ. ಕೊಳದ ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಂ ಒಣ ಪಾಚಿ ಸಿಕ್ಕರೆ ಹೆಚ್ಚು. ಒಂದು ಕಿಲೋಗೆ ಸಾವಿರ ಲೀಟರ್ ಸೋಸಬೇಕು, ಒಣಗಿಸಬೇಕು. ಆ ಯಂತ್ರಕ್ಕೂ ಕರೆಂಟು ಬೇಕು.

1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ ಏಟಿಗೆ ಅಮೆರಿಕ ಎಚ್ಚೆತ್ತಿತು. 1978ರಲ್ಲಿ ಅಲ್ಲಿನ ಇಂಧನ ಇಲಾಖೆ ಪಾಚಿಯಿಂದ ಇಂಧನ ತೆಗೆಯುವ ದೊಡ್ಡ ಯೋಜನೆ ಆರಂಭಿಸಿತು. ಸುಮಾರು 3,000 ಬಗೆಯ ಪಾಚಿ ಸಂಗ್ರಹಿಸಿ, ಸೋಸಿ ಸುಮಾರು 300ಕ್ಕೆ ಇಳಿಸಿದರು. ಅವರು ಒಲಿದದ್ದು ಮುಖ್ಯವಾಗಿ ಬೇಗ ಬೆಳೆಯುವ, ಕೊಬ್ಬಿನ ಎಣ್ಣೆ ಕೂಡಿಡುವ ಪಾಚಿಗಳಿಗೆ. ನ್ಯೂ ಮೆಕ್ಸಿಕೋದ ರೋಸ್‌ವೆಲ್‌ನಲ್ಲಿ ಸಾವಿರ ಚದರ ಮೀಟರಿನ ತೆರೆದ ಕೊಳಗಳನ್ನು ಕಟ್ಟಿ ಬೆಳೆದರು. ಕೆಲವು ದಿನ ಚದರ ಮೀಟರಿಗೆ 50 ಗ್ರಾಂವರೆಗೂ ಇಳುವರಿ ಸಿಕ್ಕಿತು. ಆದರೆ ರಾತ್ರಿಯ ಚಳಿಗೆ ವರ್ಷದ ಸರಾಸರಿ ಅದಕ್ಕಿಂತ ಬಹಳ ಕೆಳಗೆ ಬಿತ್ತು. 18 ವರ್ಷ, ಸುಮಾರು 2.5 ಕೋಟಿ ಡಾಲರ್ ಖರ್ಚಾದ ಮೇಲೆ 1996ರಲ್ಲಿ ಯೋಜನೆ ನಿಲ್ಲಿಸಿದರು. ಆಗ ಕಚ್ಚಾತೈಲ ಅಗ್ಗವಾಗಿತ್ತು. 1998ರ ಅಂತಿಮ ವರದಿಯ ಸಾರ ಇಷ್ಟು: ಮಾಡಲು ಆಗುತ್ತದೆ, ಆದರೆ ಬೆಲೆಯಲ್ಲಿ ಪೆಟ್ರೋಲಿಯಂ ಎದುರು ನಿಲ್ಲಲು ಆಗುವುದಿಲ್ಲ.

2008ರ ಜುಲೈನಲ್ಲಿ ಕಚ್ಚಾತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದಾಗ ಮತ್ತೆ ಪಾಚಿಯ ಜ್ವರ ಏರಿತು. 2009ರಲ್ಲಿ ಎಕ್ಸಾನ್‌ಮೊಬಿಲ್ ಕಂಪನಿ ಪಾಚಿ ಸಂಶೋಧನೆಗೆ 60 ಕೋಟಿ ಡಾಲರ್‌ವರೆಗೂ ಹಾಕುವುದಾಗಿ ಪ್ರಕಟಿಸಿತು. 2023ರ ಹೊತ್ತಿಗೆ ಅದೂ ಕೈಬಿಟ್ಟಿತು. ಸೊಲಜೈಮ್ ಎಂಬ ಹೆಸರಾಂತ ಪಾಚಿ ಕಂಪನಿ ಇಂಧನ ಬಿಟ್ಟು ಆಹಾರದ ಎಣ್ಣೆಯತ್ತ ತಿರುಗಿ, ಹೆಸರು ಬದಲಿಸಿ, 2017ರಲ್ಲಿ ದಿವಾಳಿ ಅರ್ಜಿ ಹಾಕಿತು. ಗ್ಲೆನ್ ಡೇವಿಸ್‌ನ ಕಥೆಯೇ, ಊರು ಮಾತ್ರ ಬೇರೆ.

ಮೈಸೂರಿನ ಕೊಳ, ಟೋಕಿಯೋದ ವಿಮಾನ

ಈ ಕಥೆಯಲ್ಲಿ ನಮ್ಮ ಮೈಸೂರೂ ಇದೆ. ಚೆಲುವಾಂಬ ಮಹಲಿನಲ್ಲಿರುವ ಸಿಎಫ್‌ಟಿಆರ್‌ಐ ಎಂದರೆ ನಮಗೆ ಆಹಾರ ಸಂಶೋಧನೆ, ಸ್ಪಿರುಲಿನಾ ನೆನಪಾಗುತ್ತವೆ. ಅಲ್ಲಿ ಜಿ.ಎ. ರವಿಶಂಕರ್, ಸಿ. ದಯಾನಂದ ಮೊದಲಾದವರ ತಂಡ ಭಾರತದ ಸಿಹಿನೀರಿನ ತಾಣಗಳಿಂದ ಬೋಟ್ರಿಯೋಕಾಕಸ್ ಹಿಡಿದು ತಂದು ಬೆಳೆಸಿ, ಅದರ ಎಣ್ಣೆಯ ವಿವರಗಳನ್ನು 2007ರಲ್ಲಿ ಪ್ರಕಟಿಸಿತು. 2012ರಲ್ಲಿ ಅದೇ ಸಂಸ್ಥೆಯವರು ಈ ಪಾಚಿಯನ್ನು ಪ್ರಯೋಗಾಲಯದ ಹೊರಗೆ, ಬಯಲಿನ ಕೊಳಗಳಲ್ಲಿ ಬೆಳೆದ ಅನುಭವ ದಾಖಲಿಸಿದರು. ಪಾಚಿಯ ಬೀಜ ನಮ್ಮಲ್ಲೇ ಇದೆ, ಬೆಳೆಯಬಲ್ಲವರೂ ನಮ್ಮಲ್ಲೇ ಇದ್ದಾರೆ ಎಂಬುದು ಸಣ್ಣ ವಿಷಯವಲ್ಲ.

ಇಲ್ಲಿಯವರೆಗಿನ ದೊಡ್ಡ ಹೆಜ್ಜೆ ಜಪಾನಿನದು. ಐಎಚ್‌ಐ ಎಂಬ ಅಲ್ಲಿನ ಎಂಜಿನಿಯರಿಂಗ್ ಕಂಪನಿ ಬೇಗ ಬೆಳೆಯುವ ಬೋಟ್ರಿಯೋಕಾಕಸ್ ತಳಿಯನ್ನು ಕಾಗೋಷಿಮಾದ ತೆರೆದ ಕೊಳದಲ್ಲಿ, ಆಮೇಲೆ ಥಾಯ್ಲೆಂಡಿನಲ್ಲಿ ಬೆಳೆಯಿತು. 2020ರಲ್ಲಿ ವಿಮಾನ ಇಂಧನದ ಅಂತರರಾಷ್ಟ್ರೀಯ ಮಾನದಂಡದಲ್ಲಿ ಈ ಪಾಚಿಯ ಎಣ್ಣೆಗೇ ಒಂದು ಪ್ರತ್ಯೇಕ ವಿಭಾಗ ಸೇರಿತು. ಮಾಮೂಲಿ ಇಂಧನಕ್ಕೆ ನೂರಕ್ಕೆ 10 ಪಾಲಿನವರೆಗೆ ಬೆರೆಸಬಹುದು. 2021ರ ಜೂನ್ 17ರಂದು ಟೋಕಿಯೋದ ಹನೇಡಾ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ಈ ಎಣ್ಣೆ ಬೆರೆತ ಇಂಧನದಲ್ಲಿ ಹಾರಿದವು. 1853ರಲ್ಲಿ ಹೆಸರೂ ಗೊತ್ತಿಲ್ಲದ ಹಳದಿ ಉಂಡೆ 2021ರಲ್ಲಿ ಆಕಾಶ ಮುಟ್ಟಿತು. ಆದರೆ ಬೆರೆತ ಪಾಲು ಸಣ್ಣದು, ಹಾರಿದ ವಿಮಾನಗಳು ಬೆರಳೆಣಿಕೆ.

ಒಂದು ಎಕರೆಯ ಲೆಕ್ಕ

ಈಗ ನಮ್ಮ ಜಿಲ್ಲೆಗಳ ಮಾತು. ನಿಮ್ಮ ತಾಲ್ಲೂಕಿಗೆ ಒಂದು ಕಂಪನಿ ಬಂದು, ಬಂಜರು ಜಮೀನು ಕೊಡಿ, ಪಾಚಿ ಬೆಳೆದು ಎಣ್ಣೆ ತೆಗೆಯೋಣ ಎಂದಿತು ಅಂತಿಟ್ಟುಕೊಳ್ಳಿ. ಲೆಕ್ಕ ಹಾಕೋಣ.

ಒಂದು ಎಕರೆ ಎಂದರೆ ಸುಮಾರು 4,000 ಚದರ ಮೀಟರ್. ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಒಣ ಪಾಚಿ ಎಂದು ಧಾರಾಳವಾಗಿ ಹಿಡಿಯೋಣ. ದಿನಕ್ಕೆ 40 ಕಿಲೋ. ಅದರಲ್ಲಿ ನೂರಕ್ಕೆ 30 ಎಣ್ಣೆ ಎಂದರೆ 12 ಕಿಲೋ, ಹೆಚ್ಚುಕಡಿಮೆ 14 ಲೀಟರ್. ಬಂಕಿನ ದರ ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ ದಿನಕ್ಕೆ 1,260 ರೂಪಾಯಿ. ಇದು ಖರ್ಚು ಕಳೆಯುವ ಮೊದಲಿನ ಮಾತು.

ನೀರಿನ ಲೆಕ್ಕ ನೋಡಿ. 25 ಸೆಂಟಿಮೀಟರ್ ಆಳದ ಕೊಳ ತುಂಬಲು 10 ಲಕ್ಷ ಲೀಟರ್ ಬೇಕು. ಅದು ಒಂದು ಸಲದ್ದು. ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ ಒಂದು ಎಕರೆ ಕೊಳದಿಂದ ದಿನಕ್ಕೆ 20,000 ಲೀಟರ್ ಹೋಗುತ್ತದೆ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನಾಲ್ಕು ಟ್ಯಾಂಕರ್. 14 ಲೀಟರ್ ಎಣ್ಣೆಗೆ ನಾಲ್ಕು ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ನಿಮ್ಮ ಊರಿನಲ್ಲಿ ಎಷ್ಟು ಕೊಡುತ್ತೀರಿ ಎಂಬುದು ನಿಮಗೇ ಗೊತ್ತು.

ಬಂಜರು ಜಮೀನಿಗೆ ಇಂಧನದ ಭರವಸೆ ಬಂದದ್ದು ನಮಗೆ ಹೊಸದಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ, ಅಂದರೆ ಕಾಡುಹರಳು ಬೆಳೆಯಲು ಹೇಳಿತು. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ಕ್ಕೆ ನೂರಕ್ಕೆ 20 ಬೆರಕೆಯ ಗುರಿ ಇಟ್ಟಿತು. ನೀರಿಲ್ಲದ ನೆಲದಲ್ಲಿ ಗಿಡ ಬದುಕಿತು, ಕಾಯಿ ಮಾತ್ರ ನಿರೀಕ್ಷೆಯಷ್ಟು ಬಿಡಲಿಲ್ಲ. ಬಿಟ್ಟ ಕಾಯಿಗೂ ಬಹಳ ಕಡೆ ಕೊಳ್ಳುವವರಿರಲಿಲ್ಲ. ಗುರಿಯ ವರ್ಷ ಬಂದು ಹೋಯಿತು. ನೀತಿ ಬರೆದವರಿಗೆ ನಷ್ಟವಾಗಲಿಲ್ಲ, ಗಿಡ ನೆಟ್ಟವರಿಗೆ ಆಯಿತು.

ಹಾಗೆಂದು ಪಾಚಿಯ ಸಂಶೋಧನೆ ಬೇಡ ಎಂದಲ್ಲ, ಬೇಕೇ ಬೇಕು. ಬ್ಯಾಟರಿಯಲ್ಲಿ ದೂರದ ವಿಮಾನ ಹಾರಿಸುವುದು ಇನ್ನೂ ಕಷ್ಟ, ಅಂಥ ಕಡೆ ಇಂಥ ಎಣ್ಣೆಗೆ ಜಾಗ ಇದೆ. ಬೋಟ್ರಿಯೋಕಾಕಸ್ ಸಂಸ್ಕರಿಸಿದ ಚರಂಡಿ ನೀರಿನಲ್ಲೂ ಬೆಳೆದು, ಅದರಲ್ಲಿನ ಸಾರಜನಕ, ರಂಜಕ ಹೀರುತ್ತದೆ ಎಂದು ಜಪಾನಿನ ಪ್ರಯೋಗಗಳು ತೋರಿಸಿವೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಂಥ ನೀರನ್ನು ಇನ್ನೊಂದು ಸಲ ತೊಳೆಯುವುದೇ ಮೊದಲ ಕೆಲಸ, ಎಣ್ಣೆ ಅದರ ಮೇಲಿನ ಲಾಭ ಎಂದು ಹೊರಟರೆ ಲೆಕ್ಕ ಬೇರೆ ಆಗಬಹುದು. ಅದನ್ನು ಸರ್ಕಾರಿ ಸಂಸ್ಥೆಗಳು ತಮ್ಮ ದುಡ್ಡಿನಲ್ಲಿ, ತಮ್ಮ ಜಾಗದಲ್ಲಿ ಮಾಡಿ ತೋರಿಸಲಿ. ರೈತನ ಜಮೀನು ಪ್ರಯೋಗಶಾಲೆ ಆಗಬಾರದು.

ಆದ್ದರಿಂದ ಮುಂದಿನ ಸಲ ಇಂಥ ಪತ್ರಿಕಾ ಪ್ರಕಟಣೆ ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಇಳುವರಿ ಒಂದು ದಿನದ್ದೋ, ವರ್ಷದ ಸರಾಸರಿಯೋ? ನೀರು ಎಲ್ಲಿಂದ, ದಿನಕ್ಕೆ ಎಷ್ಟು? ಪಾಚಿ ಸೋಸಿ ಒಣಗಿಸಲು ಎಷ್ಟು ಕರೆಂಟು? ಕಚ್ಚಾತೈಲದ ಬೆಲೆ ಅರ್ಧಕ್ಕೆ ಇಳಿದರೆ ಯಾರು ಕೊಳ್ಳುತ್ತಾರೆ? ಉತ್ತರ ಬಂದರೆ ಅಚ್ಚು ಹಾಕೋಣ. ಬಾರದಿದ್ದರೆ, ಉತ್ತರ ಬರಲಿಲ್ಲ ಎಂಬುದನ್ನೇ ಅಚ್ಚು ಹಾಕೋಣ.

ಈ ಪಾಚಿ ಸುಳ್ಳು ಹೇಳಿಲ್ಲ. ಅದು ಕೋಟ್ಯಂತರ ವರ್ಷದಿಂದ ಎಣ್ಣೆ ಮಾಡುತ್ತಲೇ ಬಂದಿದೆ, ತನ್ನ ವೇಗದಲ್ಲಿ. ಟೋರ್ಬೇನ್ ಹಿಲ್‌ನಲ್ಲಿ ಮನುಷ್ಯರಿಗೆ ಪುಕ್ಕಟೆ ಸಿಕ್ಕಿದ್ದು ಎಣ್ಣೆ ಮಾತ್ರವಲ್ಲ, ಅದರೊಳಗೆ ಕೂಡಿಟ್ಟ ಕಾಲವೂ ಸಿಕ್ಕಿತ್ತು. ಆ ಕಾಲವನ್ನು ಹದಿನೈದು ವರ್ಷದಲ್ಲಿ ಉರಿಸಿದರು. ಈಗ ಅದೇ ಎಣ್ಣೆಯನ್ನು ವಾರಕ್ಕೆ ಕೊಡು ಎಂದು ಕೇಳುತ್ತಿದ್ದೇವೆ. ಆ ಕಾಲದ ಬೆಲೆಯನ್ನು ಇನ್ನು ನೀರಿನಲ್ಲಿ, ಕರೆಂಟಿನಲ್ಲಿ, ನೆಲದಲ್ಲಿ ಕೊಡಬೇಕಾಗುತ್ತದೆ. ಯಾರ ನೀರು, ಯಾರ ನೆಲ ಎಂದು ಮೊದಲೇ ಕೇಳಿ ತಿಳಿದುಕೊಳ್ಳುವುದು ನಮ್ಮ ಕೆಲಸ.